ಅನಿಸ್ ನೇಬ್‌ನಲ್ಲಿ ಸಂಜೆ ಆರು ಗಂಟೆ

ಅನಿಸ್ ನೇಬ್ ಅಂದರೆ ನಮ್ಮ ವೆಲ್ಷ್ ಮಾತಿನಲ್ಲಿ ‘ಯಾರದೂ ಅಲ್ಲದ ದ್ವೀಪ’. ಅಲ್ಲಿನ ಕೊನೆಯ ಸಂಸಾರ ಕೋಳಿಗಳನ್ನೂ ಬಿಟ್ಟು ಹೊರಟುಹೋಗಿ ತೊಂಬತ್ತು ವರ್ಷವಾಯಿತು. ಈಗಿರುವುದು ಕಡಲಹಕ್ಕಿಗಳು ಮಾತ್ರ. ಅವನ್ನು ಎಣಿಸಲು ಜೂನ್‌ನಲ್ಲಿ ನಾನೊಬ್ಬಳೇ ಹೋಗಿದ್ದೆ.

ದಿನಾ ಸಂಜೆ ಆರಕ್ಕೆ ನನ್ನನ್ನು ದ್ವೀಪಕ್ಕೆ ಬಿಟ್ಟಿದ್ದ ದೋಣಿಯ ಇದ್ವಾಲ್ ಮಾಮ ಆಚೆ ದಡದ ತಮ್ಮ ಮನೆಯಿಂದ ವೈರ್‌ಲೆಸ್‌ನಲ್ಲಿ ಮಾತಾಡುತ್ತಿದ್ದರು. ದಿನಕ್ಕೆ ಕೇಳುವುದು ಅದೊಂದೇ ಮನುಷ್ಯರ ದನಿ. ಮಧ್ಯಾಹ್ನದಿಂದಲೇ ಅದಕ್ಕಾಗಿ ಕಾಯುತ್ತಿದ್ದೆ. ಅವರು ಮಾತಾಡುವಷ್ಟು ಹೊತ್ತೂ ಸಾವಿರಾರು ಹಕ್ಕಿಗಳು ತೆಪ್ಪಗಿರುತ್ತಿದ್ದವು. ಬಿಸಿಲಿದ್ದರೂ ವೈರ್‌ಲೆಸ್ ಕೈಯಲ್ಲಿ ಮಂಜಿನಂತೆ ಕೊರೆಯುತ್ತಿತ್ತು. ದನಿಯ ಹಿಂದೆ ಕೋಳಿಗಳ ಕೊಕ್ ಕೊಕ್ ಕೇಳುತ್ತಿತ್ತು.

ನಾಲ್ಕನೇ ಸಂಜೆ ಅವರು, “ನಾಳೆ ಪಡುವಣ ಬಂಡೆಗೆ ಹೋಗ್ಬೇಡ ಮಗಳೇ, ಗುಡಿಸಲಲ್ಲೇ ಇರು,” ಎಂದರು. ನಾನು ಹೋಗಲಿಲ್ಲ.

ಆ ಮಧ್ಯಾಹ್ನವೇ ಇದ್ವಾಲ್ ಮಾಮ ಹೇಳದೆ ಕೇಳದೆ ದೋಣಿ ತಂದರು. ಮುಖ ಬಿಳಿಚಿಕೊಂಡಿತ್ತು.

“ಬದುಕಿದೀಯಲ್ಲ ತಾಯಿ! ನಾಲ್ಕು ದಿನದಿಂದ ಕರೀತಿದೀನಿ, ನೀನು ಓ ಅನ್ಲೇ ಇಲ್ಲ!”

“ದಿನಾ ಮಾತಾಡಿದ್ವಲ್ಲ ಮಾಮ? ಕೋಳಿ ಬೇರೆ ಯಾವಾಗ ಸಾಕಿದ್ರಿ?”

“ಕೋಳಿನಾ? ನಮ್ಮನೇಲಿ ಒಂದು ಬೆಕ್ಕೂ ಇಲ್ಲ.”

ಮಾಮ ನನ್ನನ್ನು ದೋಣಿಗೆ ಹತ್ತಿಸಿಕೊಂಡರು. ದೋಣಿ ಪಡುವಣಕ್ಕೆ ತಿರುಗಿತು. ನಾನು ದಿನಾ ಕೂತು ಹಕ್ಕಿ ಎಣಿಸುತ್ತಿದ್ದ ಬಂಡೆ ಅಲ್ಲಿರಲಿಲ್ಲ. ಕೆಳಗೆ ಕಡಲಿನ ನೀರು ಇನ್ನೂ ಮಣ್ಣು ಬೆರೆತು ಕದಡಿಕೊಂಡಿತ್ತು.