ಬಾಗಿಲಿನ ಸುಕ್ಕು

ನಮ್ಮಿಬ್ಬರ ಪರಿಚಯ ಶುರುವಾಗಿದ್ದೇ ಜಗಳದಿಂದ. ತಪ್ಪು ನನ್ನದಂತೆ. ಇವತ್ತಿಗೂ ನಾನು ಒಪ್ಪಿಲ್ಲ.

ಅಣ್ಣನ ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸ ಟಚ್‌ಅಪ್. ಅವನು ಕ್ಲಿಕ್ ಮಾಡ್ತಾನೆ, ನಾನು ಕಂಪ್ಯೂಟರ್ ಮುಂದೆ ಕೂತು ಬಂದವರ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪು ಎಲ್ಲ ಒರೆಸ್ತೀನಿ. ಎದುರು ಬೀದಿಯ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ಹಳೇ ಗೋದಾಮಿನ ಬಾಗಿಲಿನ ಫೋಟೋ ತಂದು, ಪ್ರಿಂಟ್ ಹಾಕಿಡಿ ಅಂತ ಕೊಟ್ಟು ಹೋದರು. ಕೈ ಸುಮ್ಮನಿರಬೇಕಲ್ಲ! ಮರದ ಬಿರುಕೆಲ್ಲ ಮುಚ್ಚಿದೆ, ಚಿಲಕದ ತುಕ್ಕು ತೆಗೆದೆ, ಎದ್ದುಹೋದ ಬಣ್ಣ ತುಂಬಿದೆ. ಹೊಗಳ್ತಾರೆ ಅಂತ ಕಾದಿದ್ದೆ.

ಮೇಷ್ಟ್ರು ಪ್ರಿಂಟನ್ನ ತಿರುಗಿಸಿ ಮುರುಗಿಸಿ ನೋಡಿ, ಇದು ಯಾರ ಮನೆ ಬಾಗಿಲು ಅಂತ ಕೇಳಿದರು.

ನನಗೆ ಮೈಯೆಲ್ಲ ಉರೀತು. ಮುರುಕು ಬಾಗಿಲನ್ನ ಗೋಡೆಗೆ ತೂಗುಹಾಕೋ ಪುಣ್ಯಾತ್ಮರನ್ನ ಇವತ್ತೇ ನೋಡಿದ್ದು ಅಂದೆ. ಅವರು ನಕ್ಕರು. ನಗುವಾಗ ಕಣ್ಣಿನ ಪಕ್ಕ ಗೆರೆ ಮೂಡಿತು. ಆ ಗೆರೆಗಳನ್ನ ಒರೆಸಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಅದು ಇನ್ನೂ ಸಿಟ್ಟು ತರಿಸಿತು.

ಆಮೇಲೆ ದಿನಾ ಬರೋಕೆ ಶುರು ಮಾಡಿದರು. ತುಕ್ಕು ಹಿಡಿದ ಬೀಗ, ಸವೆದ ಮೆಟ್ಟಿಲು, ಕಾಲಿಲ್ಲದ ಕುರ್ಚಿ, ದಿನಕ್ಕೊಂದು ಫೋಟೋ. ಅಣ್ಣ ಅವರಿಗೆ ತುಕ್ಕಪ್ಪ ಅಂತ ಹೆಸರಿಟ್ಟ. ನಾನು ಮಾತ್ರ ಆ ಫೋಟೋಗಳನ್ನ ಮುಟ್ಟದೆ ಸುಮ್ಮನೆ ನೋಡೋದು ಕಲಿತೆ. ಎಷ್ಟೋ ಕೈಗಳು ತಳ್ಳಿ ತಳ್ಳಿ ನುಣುಪಾದ ಮರ. ಅಂಥದ್ದನ್ನ ಮುಚ್ಚಿಹಾಕಿದ್ದೆನಲ್ಲ ನಾನು!

ಒಂದು ಮಧ್ಯಾಹ್ನ ಅವರು ಮೆಲ್ಲಗೆ, ನಿಮ್ಮದೊಂದು ಫೋಟೋ ತೆಗೀಲಾ ಅಂದರು.

ಚಿಕ್ಕವಳಿದ್ದಾಗ ಬಿಸಿನೀರು ಬಿದ್ದು ನನ್ನ ಎಡಗೆನ್ನೆಯಿಂದ ಕತ್ತಿನವರೆಗೂ ಸುಟ್ಟ ಕಲೆ ಇದೆ. "ಓಹೋ, ನಾನೂ ನಿಮ್ಮ ಮುರುಕು ಬಾಗಿಲಾ?" ಅಂತ ರೇಗಿದೆ.

ಅವರು ನಗಲಿಲ್ಲ. "ಬಾಗಿಲನ್ನ ಎಷ್ಟು ನೋಡಿದ್ರೂ ಅದು ತಿರುಗಿ ನನ್ನ ನೋಡಲ್ಲ. ನೀವು ನೋಡ್ತೀರಿ. ಕದ್ದು ಕದ್ದು."

ಸಿಕ್ಕಿಬಿದ್ದೆ. ಕಿಟಕಿ ಪಕ್ಕ ಹೋಗಿ ಕೂತೆ, ಎಡಗೆನ್ನೆ ಬೆಳಕಿಗೆ ಕೊಟ್ಟು. ಫೋಟೋದಲ್ಲಿ ನಾನು ಸಿಟ್ಟಲ್ಲೇ ಇದ್ದೀನಿ, ಆದರೆ ತುಟಿಯ ಒಂದು ತುದಿ ನನ್ನ ಮಾತು ಕೇಳದೆ ನಕ್ಕಿದೆ.

ಆ ವಾರವೇ ಅಣ್ಣ ಒಂದು ಸಂಬಂಧ ತಂದ. ಒಳ್ಳೇ ಮನೆತನ, ಫೋಟೋ ಕೇಳಿದ್ದಾರೆ ಅಂದ. ತಾನೇ ಒಂದು ಫೋಟೋ ತೆಗೆದು, ಕೆನ್ನೆ ಸ್ವಲ್ಪ ಕ್ಲೀನ್ ಮಾಡು, ಮಿಕ್ಕಿದ್ದು ಮದುವೆ ಆದಮೇಲೆ ನೋಡ್ಕೊಳ್ಳೋಣ ಅಂತ ನನ್ನ ಕೈಗೇ ಕೊಟ್ಟ. ಅವನದು ಕೆಟ್ಟ ಮನಸ್ಸಲ್ಲ. ಅಪ್ಪ ಹೋದಮೇಲೆ ನನ್ನ ಹೊಣೆ ಹೊತ್ತವನೇ ಅವನು.

ಕೂತೆ. ಕಲೆಯ ಅರ್ಧ ಒರೆಸಿದೆ. ಸ್ಕ್ರೀನ್ ಮೇಲೆ ಯಾರೋ ಹುಡುಗಿ ನನ್ನ ಸೀರೆ ಉಟ್ಟು ಕೂತಿದ್ದಳು. ಇವಳನ್ನ ಒಪ್ಪಿಕೊಂಡವನ ಮನೆಗೆ ನಾನು ಹೋಗಿ, ಬದುಕಿಡೀ ಸೆರಗು ಎಳ್ಕೊಂಡು ಕೂರಬೇಕಾ? ಆಗಲ್ಲ. ಆ ಫೋಟೋನೇ ಅಳಿಸಿಹಾಕಿದೆ.

ಮೇಷ್ಟ್ರು ತೆಗೆದ ಫೋಟೋವನ್ನ ನಮ್ಮಲ್ಲಿರೋ ದೊಡ್ಡ ಸೈಜಲ್ಲಿ ಪ್ರಿಂಟ್ ಹಾಕಿ, ಬೀದಿಗೆ ಕಾಣೋ ಶೋಕೇಸಿನಲ್ಲಿ ನಿಲ್ಲಿಸಿದೆ.

ಅಣ್ಣ ಬಂದವನೇ ತಲೆ ಮೇಲೆ ಕೈ ಹೊತ್ತ. ಬಂದ ಸಂಬಂಧ ತಪ್ಪಿಹೋಗುತ್ತೆ, ಮೊದಲು ತೆಗಿ ಅಂದ. ತಪ್ಪಲಿ ಅಂದೆ. ಅತ್ತಿಗೆ ಒಳಗಿಂದ ಬಂದು, ಗಾಜಿಗೆ ಧೂಳು ಹಿಡಿದಿದೆ ಅಂತ ಒಂದು ಬಟ್ಟೆ ತಂದು ಒರೆಸಿ ಹೋದಳು. ಅಣ್ಣ ಫೋಟೋ ಮುಟ್ಟದೆ ಒಳಗೆ ಹೋದ.

ಸಂಜೆ ಶಾಲೆ ಬಿಟ್ಟಿತು. ಮೇಷ್ಟ್ರು ರಸ್ತೆ ದಾಟುತ್ತಾ ಅರ್ಧದಲ್ಲೇ ನಿಂತರು. ಬರ್ತಿದ್ದ ಆಟೋದವನು ಹಾರ್ನ್ ಹೊಡೆದು ಬೈದ ಮೇಲೆ ಈಚೆಗೆ ಬಂದರು. ಬಾಗಿಲಲ್ಲಿ ನಿಂತು, ಅದರ ಒಂದು ಪ್ರಿಂಟ್ ತಮಗೂ ಬೇಕು, ಮನೆ ಗೋಡೆಗೆ ಅಂದರು.

"ಪ್ರಿಂಟ್ ಕೊಡಲ್ಲ" ಅಂದೆ. "ಬೇಕಿದ್ರೆ ಮನೆಗೆ ನನ್ನನ್ನೇ ಕರ್ಕೊಂಡು ಹೋಗಿ. ಟಚ್‌ಅಪ್ ಇರಲ್ಲ, ಸಿಟ್ಟು ಇರುತ್ತೆ."

ಮೇಷ್ಟ್ರ ಕಿವಿ ಕೆಂಪಾಯಿತು. ಅಣ್ಣನ ಕಡೆ ತಿರುಗಿ, ನಾಳೆ ಅಮ್ಮನನ್ನ ಕರ್ಕೊಂಡು ಬರ್ತೀನಿ ಅಂದರು. ಅಣ್ಣ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಆಮೇಲೆ ಕ್ಯಾಮೆರಾ ಎತ್ಕೊಂಡು, ಇಬ್ಬರೂ ಕಿಟಕಿ ಪಕ್ಕ ನಿಂತ್ಕೊಳ್ಳಿ ಅಂದ.