ಮೂರ್ದಾರಿಗೆ ಕಣ್ಣಿಟ್ಟ ಮನೆ

"ಅಮಾಸೆ ಸಂಜೆ ಆ ಕಿಟಕಿ ತೆಗೀಬೇಡ ಕಣಪ್ಪ. ಮೂರ್ದಾರಿ ಕಡೆ ನೋಡ್ಲೂಬೇಡ."

ಮೇಲ್ಮನೆ ಬೀಗದ ಕೈ ಕೊಡೋವಾಗ ಓನರ್ ಮುನಿಯಕ್ಕ ಹೇಳಿದ್ದು ಇಷ್ಟೇ. ನೀರಿನ ಮೋಟ್ರು ಯಾವಾಗ ಹಾಕ್ಬೇಕು, ಗೋಡೆಗೆ ಮೊಳೆ ಹೊಡೀಬಹುದಾ, ನೆಂಟರು ಬಂದ್ರೆ ಎಷ್ಟು ದಿನ ಇರ್ತಾರೆ, ಬೆಂಗಳೂರಿನ ಓನರ್‌ಗಳು ಓದೋ ಆ ಪುರಾಣ ಒಂದೂ ಇರ್ಲಿಲ್ಲ. ಸಿದ್ದಾರೂಢ ನಕ್ಕ. ಹುಬ್ಬಳ್ಳಿ ಕಡೆಯೋನು, ಇನ್ಶೂರೆನ್ಸ್ ಕಂಪನಿ ಸರ್ವೇಯರ್ರು. ಸುಟ್ಟ ಗೋಡೌನು, ಗುದ್ದಿದ ಲಾರಿ ನೋಡಿ ಬಂದು, ಕ್ಲೇಮು ನಿಜಾನೋ ಬುರುಡೆನೋ ಅಂತ ಬರೆಯೋ ಕೆಲಸ. ಕಣ್ಣಾರೆ ಕಾಣದೆ ಯಾವ ಕಾಗದಕ್ಕೂ ಸೈನ್ ಹಾಕ್ದೋನಲ್ಲ. ಊರಿಗೆಲ್ಲ ಪಾಲಿಸಿ ಕೊಡೋ ಕಂಪನೀಲಿ ಇವನಿಗೆ ಅನುಮಾನಾನೇ ಪಾಲಿಸಿ.

"ನೋಡಿದ್ರ ಏನಾಕ್ಕೈತ್ರಿ ಅಕ್ಕಾರ?" ಅಂತ ಕೇಳಿದ.

"ಇಳಿ ತೆಗೆದು ಹಾಕಿದ್ದಕ್ಕೆ ಕಾಲಿಲ್ಲಪ್ಪ. ಅದು ನೋಟ ಹಿಡ್ಕೊಂಡು ಬರತ್ತೆ."

ಅರೆಕೆರೆಯ ಆ ಮನೆ ಮುಂದೆ ಒಂದು ರೋಡು ನೇರವಾಗಿ ಬಂದು ಇನ್ನೊಂದಕ್ಕೆ ಗುದ್ದತ್ತೆ. ಲೇಔಟ್ ಆಗೋಕ್ಕಿಂತ ಮುಂಚಿಂದಾನೂ ಹಳೇ ಊರಿನವ್ರಿಗೆ ಅದೇ ಮೂರ್ದಾರಿ. ಬಿಡದ ಜ್ವರ, ನಿದ್ದೆ ಮಾಡದ ಕೂಸು, ಯಾರೋ ಮಾಡಿಸಿದ ಮಾಟ, ಏನೇ ಇರ್ಲಿ, ಅಮಾಸೆ ಸಂಜೆ ಕುಂಬಳಕಾಯೋ ಕುಂಕುಮ ಕಲಸಿದ ಕೆಂಪನ್ನಾನೋ ಆ ಮನುಷ್ಯನಿಗೆ ಸುತ್ತಿ ಇಳಿ ತೆಗೆದು, ತಂದು ಅಲ್ಲಿ ಇಡ್ತಾರೆ. ಇಟ್ಟೋರು ಹಿಂದೆ ತಿರುಗಿ ನೋಡಲ್ಲ. ಬೀದಿಯವ್ರು ಕಿಟಕಿ ಮುಚ್ಚಿ ಟೀವಿ ಸೌಂಡು ಜಾಸ್ತಿ ಮಾಡ್ತಾರೆ. ಬೆಳಿಗ್ಗೆ ಬಿಸಿಲು ಬಿದ್ರೆ ಅದು ಬರೀ ಕುಂಬಳಕಾಯಿ. ಇಷ್ಟು ವರ್ಷ ಎಲ್ಲಾ ಹೀಗೇ ನಡ್ಕೊಂಡು ಬಂದಿತ್ತು.

ಸಿದ್ದಾರೂಢನಿಗೆ ಮಾತ್ರ ಅದು ಬರೀ ಕಸ. ಬಿಟಿಎಂ ಲೇಔಟಿನ ಬೆಂಕಿಪೊಟ್ಟಣದಂಥ ಮನೆ ಬಿಟ್ಟು ಗಾಳಿ ಬೆಳಕು ಬೇಕು ಅಂತ ಇಲ್ಲಿಗೆ ಬಂದ್ರೆ, ಗಾಳೀಲಿ ಕೊಳೆತ ಕುಂಬಳಕಾಯಿ ವಾಸನೆ, ಬೆಳಕಲ್ಲಿ ನೊಣ. ಮಗಳು ಪ್ರಿಯಾಂಕಾ ಸ್ಕೂಲ್ ಶೂನಲ್ಲಿ ಕೆಂಪನ್ನ ತುಳ್ಕೊಂಡು ಮನೆಗೆ ಬಂದ ದಿನ ತೀರ್ಮಾನ ಆಗೋಯ್ತು. ಯಾರು ತಂದು ಹಾಕ್ತಾರೋ ಸಾಕ್ಷಿ ಸಮೇತ ಹಿಡೀಬೇಕು. ಕ್ಯಾಮೆರಾ ಹಾಕಿಸ್ಬೇಕು.

ಕ್ಯಾಮೆರಾ ಹುಡುಕಿದ್ದೂ ಸರ್ವೇ ಥರಾನೇ. ಎಸ್‌ಪಿ ರೋಡಲ್ಲಿ ಒಬ್ಬ ವೈರ್ ಇಲ್ಲದ್ದು ತೋರಿಸ್ದ. ಪಕ್ಕದ್ಮನೇಲಿ ಮಿಕ್ಸಿ ಹಾಕಿದ್ರೆ ಪಿಕ್ಚರ್ ತುಂಬ ಗೆರೆ ಬರತ್ತೆ ಅಂತ ಕೆದಕಿ ಕೇಳಿದ್ಮೇಲೆ ಒಪ್ಕೊಂಡ. ಇನ್ನೊಬ್ಬ ಕೆಂಪು ಲೈಟ್ ಮಿನುಗೋ ಡಮ್ಮಿ ಇಟ್ಟ. ಒಳಗೇನೂ ಇಲ್ಲ, ಕಳ್ಳರು ಹೆದರ್ತಾರೆ ಅಷ್ಟೆ. ಕ್ಯಾಮೆರಾನೇ ಬೋಗಸ್ ಕ್ಲೇಮು ಅಂತ ಸಿದ್ದಾರೂಢ ಎದ್ದು ಬಂದ. ಕೊನೆಗೆ ಜಯನಗರ ಫೋರ್ತ್ ಬ್ಲಾಕಿನ ಒಂದು ಅಂಗಡೀಲಿ ಸಿಕ್ಕಿದ್ದು ರವಿಕುಮಾರ್.

"ವೈರ್ಡೇ ತಗೊಳ್ಳಿ ಸಾರ್. ಆ ತುದೀಲಿ ಏನಿದ್ಯೋ ಅದು ಈ ತುದೀಗೆ ಬರ್ಲೇಬೇಕು. ಮಧ್ಯ ಎಲ್ಲೂ ಸೋರಲ್ಲ."

ಸಿದ್ದಾರೂಢನಿಗೆ ಈ ಮಾತು ಸಖತ್ ಹಿಡಿಸ್ತು. ದುಡ್ಡು ಕೊಟ್ಟು ವೈರ್ ಎಳೆಸಿ ವೈರಿನ ಮನೆಗೆ ಕರೆದೋನು ಅರೆಕೆರೇಲಿ ಅವನೊಬ್ಬನೇ ಇರ್ಬೇಕು.

ಭಾನುವಾರ ರವಿಕುಮಾರ್ ಡ್ರಿಲ್ಲಿಂಗ್ ಮಿಷನ್ ತಂದ. ಸಿಮೆಂಟ್ ಧೂಳು, ಸುಟ್ಟ ಪ್ಲಾಸ್ಟಿಕ್ ವಾಸನೆ. ಸಜ್ಜಾ ಕೆಳಗೆ ಕ್ಯಾಮೆರಾ ಕೂತ್ಕೊಳ್ತು. ಕಪ್ಪು ಕೇಬಲ್ಲು ಗೋಡೆ ಹಿಡ್ಕೊಂಡು ಬಂದು, ಕಿಟಕಿ ಮೂಲೇಲಿ ತೂತು ಹೊಡ್ಸ್ಕೊಂಡು ಒಳಗೆ ನುಗ್ಗಿ, ಹಾಲಿನ ಟೀವಿ ಹಿಂದೆ ವಿಡಿಯೋ ಪಿನ್ನಿನ ಹಳದಿ ತೂತಿಗೆ ಸೇರ್ಕೊಳ್ತು. ಎಲ್ಲರೂ ಮಾಡೋ ಹಾಗೆ ಅವನು ಕ್ಯಾಮೆರಾನ ಗೇಟಿಗೆ ತಿರುಗಿಸಿದ್ದ. ಸಿದ್ದಾರೂಢ ಮೂರ್ದಾರಿಗೆ ತಿರುಗ್ಸು ಅಂದ. ಏಣಿ ಮೇಲೆ ರವಿಕುಮಾರ್ ಕೈ ನಿಂತ್ಹೋಯ್ತು. ಅವನು ಪಕ್ಕದ ಬೇಗೂರಿನೋನು. ಗೇಟಿಗೆ ಸಾಕು ಸಾರ್, ಅಂತ ಎರಡೆರಡು ಸಲ ಹೇಳ್ದ. ಕೊನೆಗೆ ಮುಖ ಗೋಡೆ ಕಡೆ ಮಾಡ್ಕೊಂಡು, ಸ್ಕ್ರೂನ ಬರೀ ಕೈಯಲ್ಲಿ ತಡವಿ ಟೈಟ್ ಮಾಡ್ದ. ಪಿಕ್ಚರ್ ಬಂತಾ ಅಂತ ಹೊರಗಿಂದಾನೇ ಕೂಗಿ ಕೇಳ್ದ. ಒಳಗೆ ಬಂದು ನೋಡ್ಲಿಲ್ಲ. ಸಿದ್ದಾರೂಢನ ಹೆಂಡ್ತಿ ಉಮಾಶ್ರೀ ಕಾಫಿ ಕೊಡೋಕ್ಹೋದ್ರೆ ಬೇಡಕ್ಕ ಅಂತ ಗಾಡಿ ಸ್ಟಾರ್ಟ್ ಮಾಡ್ದ.

ಆಮೇಲೆ ಮುನಿಯಕ್ಕ ಮೆಟ್ಲು ಹತ್ತಿ ಬಂದ್ರು. ತಲೆ ಎತ್ತಿ ಸಜ್ಜಾ ನೋಡಿದ್ರು. ಮುಖದ ಬಣ್ಣ ಇಳೀತು.

"ಅದು ಯಂತ್ರ ಅಕ್ಕಾರ," ಅಂದ ಸಿದ್ದಾರೂಢ. "ಯಂತ್ರಕ್ಕ ನಿಮ್ಮ ಮಂತ್ರ ತಟ್ಟೂದಿಲ್ಲ."

"ಆ ತುದೀಲಿ ಯಂತ್ರ ಸರಿ. ಈ ತುದೀಲಿ?"

ಈ ತುದೀಲಿ, ಟೀವಿ ಮುಂದೆ, ಚಕ್ಕಂಬಕ್ಕಳ ಹಾಕ್ಕೊಂಡು ಪ್ರಿಯಾಂಕಾ ಕೂತಿದ್ಳು.

ಅಮಾಸೆ ದಿನ ಸಿದ್ದಾರೂಢ ಹೊಸೂರು ರೋಡಲ್ಲಿ ಪಲ್ಟಿಯಾದ ಲಾರಿ ನೋಡೋಕೆ ಹೋಗಿ, ಸಂಜೆ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದ್ದ. ಉಮಾಶ್ರೀ ಅಡುಗೆಮನೇಲಿ ರೊಟ್ಟಿ ಬಡೀತಿದ್ಳು. ಬೀದಿಯಲ್ಲಿ ಒಂದೊಂದಾಗಿ ಕಿಟಕಿ ಮುಚ್ಚಿದ ಸದ್ದು. ಇವ್ರ ಮನೆ ಕಿಟಕೀನೂ ಮುಚ್ಚಿತ್ತು. ಮುಚ್ಚದೇ ಇದ್ದಿದ್ದು ಒಂದೇ ಕಣ್ಣು. ಅದಕ್ಕೆ ರೆಪ್ಪೆ ಇರ್ಲಿಲ್ಲ. ಪ್ರಿಯಾಂಕಾ ಕಾರ್ಟೂನ್ ಬೇಜಾರಾಗಿ ರಿಮೋಟಲ್ಲಿ ಆ ಚಾನಲ್ಲಿಗೆ ಬಂದ್ಳು. ಬೂದಿ ಬಣ್ಣದ ರೋಡು. ಯಾರೋ ಬಂದು ಬಗ್ಗಿ ಏನೋ ಇಟ್ಟು ಹೋದ್ರು. ಮತ್ತ್ಯಾರೋ ಬಂದ್ರು. ಕರ್ಪೂರ ಮಿಣಮಿಣ ಅಂತು.

"ಅಮ್ಮ, ಎಲ್ಲರೂ ಬೆನ್ನು ತೋರಿಸ್ಕೊಂಡು ಹೋಗ್ತಾರೆ. ಆ ಕಾಯಿ ಮಾತ್ರ ನನ್ನೇ ನೋಡ್ತಿದೆ."

ಉಮಾಶ್ರೀ ಹಿಟ್ಟಿನ ಕೈಯಲ್ಲೇ ಹಾಲಿಗೆ ಬಂದ್ಳು. ಮೊದಲು ತಟ್ಟಿದ್ದು ವಾಸನೆ. ಸುಟ್ಟ ಮೆಣಸಿನಕಾಯಿ, ಕರ್ಪೂರ, ಅದರಡೀಲಿ ಬಹಳ ದಿನದಿಂದ ಹಾಸಿಗೆ ಹಿಡಿದ ದೇಹದ ಬೆವರು. ಕಿಟಕಿ ಹತ್ರ ಮೂಸಿ ನೋಡಿದ್ಳು. ಅಲ್ಲಿಲ್ಲ. ವಾಸನೆ ಬರ್ತಿದ್ದಿದ್ದು ಟೀವಿ ಹಿಂದಿನ ಸೀಳುಗಳಿಂದ.

ಮಾರನೇ ದಿನ ಪ್ರಿಯಾಂಕಾ ಕೆಮ್ಮೋಕೆ ಶುರು ಮಾಡಿದ್ಳು. ಮಕ್ಕಳ ಕೆಮ್ಮಲ್ಲ. ಎದೆ ತಳದಿಂದ ಕಿತ್ಕೊಂಡು ಬರೋ ಒಣ ಕೆಮ್ಮು, ಅದರ ಹಿಂದೆ ಕೊಳಲಿನಂಥ ಒಂದು ಸೀಟಿ, ಕೊನೇಲಿ ಗಂಟಲು ಕ್ಯಾಕರಿಸಿ "ಹ್ಞಾಂ" ಅನ್ನೋ ನಿಟ್ಟುಸಿರು. ಸ್ವಲ್ಪ ಹೊತ್ತಾದ್ಮೇಲೆ ಕೈಕೂಸಿನ ಹಾಗೆ ಕೀಚಲು ದನಿಯಲ್ಲಿ ಅಳೋಳು. ಆಮೇಲೆ ಎಡಗಾಲು ಎಳೀತಾ ನಡೆಯೋಳು. ಜಯನಗರದ ಡಾಕ್ಟ್ರು ಎಕ್ಸ್‌ರೇ ಬೆಳಕಿಗೆ ಹಿಡಿದು, ಎದೆ ಕ್ಲೀನಾಗಿದೆ, ಧೂಳಿನ ಅಲರ್ಜಿ ಅಂದ್ರು. ಸಿದ್ದಾರೂಢ, ಸ್ಕೂಲಲ್ಲಿ ಯಾರದೋ ಮಿಮಿಕ್ರಿ ಕಲ್ತಾಳ ಅಂದ.

"ಕೂಸು ಹಂಗ ಕೆಮ್ಮತೈತೇನ್ರಿ?" ಅಂದ್ಳು ಉಮಾಶ್ರೀ. "ಕಣ್ಣು ಮುಚ್ಚಿ ಕೇಳ್ರಿ ಒಂದ್ಸಲ."

ಅವನು ಕಣ್ಣು ಮುಚ್ಚಿ ಕೇಳ್ಲಿಲ್ಲ. ಕೇಳಿದ್ದು ಮುನಿಯಕ್ಕ. ಕೆಳಗೆ ಸೊಪ್ಪು ಬಿಡಿಸ್ತಾ ಇದ್ದೋರು ಕೆಮ್ಮು ಕೇಳಿ ಮೇಲೆ ಬಂದು, ಹೊಸ್ತಿಲಲ್ಲೇ ನಿಂತ್ಕೊಂಡ್ರು.

"ಇದು ನಮ್ಮ ಪಿಳ್ಳಣ್ಣನ ಕೆಮ್ಮು."

ಪಿಳ್ಳಣ್ಣ ಅವ್ರ ಮೈದುನ. ಎಷ್ಟೋ ವರ್ಷದ ಗೂರಲು. ಈ ಅಮಾಸೆಗೆ ಮನೆಯವ್ರು ಇಳಿ ತೆಗೆದು ಹಾಕಿದ್ರಂತೆ. ಸಿದ್ದಾರೂಢ ಅಲ್ಲೂ ಸುಮ್ಮನಿರ್ಲಿಲ್ಲ. ಸ್ಪಾಟ್ ನೋಡದೆ ಒಪ್ಪೋನಲ್ಲವಲ್ಲ, ಚಪ್ಪಲಿ ಮೆಟ್ಕೊಂಡು ಹೋದ. ಟೀ ಅಂಗಡಿ ಕಲ್ಲಿನ ಮೇಲೆ ಪಿಳ್ಳಣ್ಣ ಬೀಡಿ ಹಚ್ಚಿ, ಹೊಗೆನ ಆರಾಮಾಗಿ ಎದೆ ತುಂಬ ಎಳೀತಿದ್ದ. ಎಷ್ಟು ವರ್ಷದ ಮೇಲೆ ಮಲಗಿ ನಿದ್ದೆ ಮಾಡಿದೀನಿ ಗೊತ್ತಾ ಸಾರ್, ಇಲ್ಲಾಂದ್ರೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೀತಿದ್ದೆ ಅಂತ ಖುಷಿಯಿಂದ ಹೇಳ್ದ. ಎದೆ ಮೇಲೆ ಗುದ್ದಿ ತೋರಿಸ್ದ. ಒಂದು ಕೆಮ್ಮೂ ಬರ್ಲಿಲ್ಲ.

ಸಿದ್ದಾರೂಢ ಮನೆಗೆ ಓಡಿ ಬಂದ. ಏಣಿ ಇರ್ಲಿಲ್ಲ, ಕಿಟಕಿಯಿಂದಾನೇ ಕೈ ಹಾಕಿ ಕ್ಯಾಮೆರಾ ಕಿತ್ತ. ಟೀವಿ ಹಿಂದಿನ ಪಿನ್ನು ಎಳೆದ. ಕೇಬಲ್ ಕತ್ತರಿಸಿದ. ಕತ್ತರಿಸಿದ ತುದೀಲಿ ತಾಮ್ರದ ಎಳೆ ಒದ್ದೆಯಾಗಿತ್ತು. ಬೆರಳಿಗೆ ಅಂಟ್ಕೊಳ್ತು. ಕುಂಕುಮ ಕಲಸಿದ ನೀರಿನ ಬಣ್ಣ. ಮೂಸಿದ. ಕೊಳೆತ ಕುಂಬಳಕಾಯಿ.

ಒಳಗೆ ಪ್ರಿಯಾಂಕಾ ಕೆಮ್ಮಿದ್ಳು.

ದಾರಿ ಕಡಿದ್ರೆ ಬಂದಿರೋ ನೆಂಟ ಹೋಗ್ತಾನಾ? ಇನ್ನೊಂದು ಅಮಾಸೆವರ್ಗೂ ಕಾಯೋ ಹಾಗೂ ಇರ್ಲಿಲ್ಲ. ಮಗು ಉಗುರು ನೀಲಿಯಾಗ್ತಿತ್ತು. ಸಂಜೆ ಮುನಿಯಕ್ಕ ಕುಂಬಳಕಾಯಿಗೆ ತೂತು ಕೊರೆದು ಕುಂಕುಮ ತುಂಬಿದ್ರು. ಚಾಪೆ ಮೇಲೆ ಮಲಗಿದ್ದ ಮಗೂಗೆ ಉಪ್ಪು, ಮೆಣಸಿನಕಾಯಿ, ಕಾಯಿ ಎಲ್ಲಾ ಸುತ್ತಿದ್ರು. ಸುತ್ತೋವಾಗ ತಲೆ ಎತ್ತಿ ಯಾರನ್ನೂ ನೋಡ್ಲಿಲ್ಲ. ಅಪ್ಪನೇ ತಗೊಂಡೋಗಿ ಇಡ್ಬೇಕು, ತಿರುಗಿ ನೋಡಬಾರದು ಅಂದ್ರು. ಸಿದ್ದಾರೂಢ ನಗ್ಲಿಲ್ಲ.

ಕಾಯಿ ಭಾರ ಇತ್ತು. ಬೆಚ್ಚಗಿತ್ತು, ಜ್ವರ ಬಂದ ಮೈ ಥರ.

ಬೀದಿ ದೀಪ ಇನ್ನೂ ಹತ್ತಿರ್ಲಿಲ್ಲ. ಮೂರ್ದಾರೀಲಿ ಕಾಯಿ ಇಟ್ಟ. ಕರ್ಪೂರ ಹಚ್ಚಿದ. ತಿರುಗಿದ. ನಡೆದ.

ನಾಯಿ ಬೊಗಳ್ಲಿಲ್ಲ. ಬನ್ನೇರುಘಟ್ಟ ರೋಡಿನ ಬಸ್ಸುಗಳ ಗದ್ದಲ ಎಲ್ಲೋ ಮುಳುಗಿಹೋಗಿತ್ತು. ಹಿಂದೆ ಯಾರೋ ಕೆಮ್ಮಿದ್ರು. ಅವನು ತಿರುಗ್ಲಿಲ್ಲ. ಹಿಂದೆ ಕೂಸು ಅತ್ತಿತು. ತಿರುಗ್ಲಿಲ್ಲ. ಕಾಲು ಎಳೆಯೋ ಸದ್ದು. ಸರ್ರ್. ಸರ್ರ್. ಗೇಟು ಬಂತು. ತಣ್ಣನೆ ಚಿಲಕ ಕೈಗೆ ಸಿಕ್ತು. ಉಸಿರು ಬಿಟ್ಟ.

ಮೇಲಿಂದ ಪ್ರಿಯಾಂಕಾ ಕೆಮ್ಮಿದ್ಳು. ಅದೇ ಕೆಮ್ಮು. ಅದೇ ಸೀಟಿ. ಈ ಸಲ ಸೀಟಿ ನಿಲ್ಲಲೇ ಇಲ್ಲ.

ಮೆಟ್ಲ ಕೆಳಗೆ ಮುನಿಯಕ್ಕ ನೆಲ ನೋಡ್ತಾ ನಿಂತಿದ್ರು.

"ಹೋಗಿಲ್ಲೇನ್ರಿ ಅದು?"

"ಅದಕ್ಕೆ ನೋಟದ ರುಚಿ ಹತ್ತಿದೆ ಕಣಪ್ಪ. ಇನ್ನೊಂದು ನೋಟ ಸಿಗೋವರ್ಗೂ ಮಗೂನ ಬಿಡಲ್ಲ."

"ಯಾರು ನೋಡಬೇಕ್ರಿ?"

ಮುನಿಯಕ್ಕ ಸೆರಗನ್ನ ಕಣ್ಣಿನ ಮೇಲೆ ಎಳ್ಕೊಂಡ್ರು. ಅದೇ ಉತ್ತರ.

ಸಿದ್ದಾರೂಢ ತಿರುಗಿ ನೋಡ್ದ.

ಕರ್ಪೂರ ಆರಿತ್ತು. ಕಾಯಿ ಇಟ್ಟಲ್ಲೇ ಇತ್ತು. ಕುಂಕುಮದ ತೂತು ಅವನನ್ನೇ ನೋಡ್ತಿತ್ತು. ಆ ನೋಟ ಹಿಡ್ಕೊಂಡು ಅದು ಬರ್ತಿತ್ತು. ಕಾಲಿಲ್ಲ. ಸದ್ದಿಲ್ಲ. ದೂರ ಮಾತ್ರ ಕಮ್ಮಿಯಾಗ್ತಾ ಬಂತು. ಕಣ್ಣು ಮುಚ್ಚೋಣ ಅಂದ್ಕೊಂಡ. ರೆಪ್ಪೆ ಬೀಳ್ಲಿಲ್ಲ. ಕೈಯಿಂದ ಮುಚ್ಚೋಣ ಅಂದ್ಕೊಂಡ. ಕೈ ಏಳ್ಲಿಲ್ಲ. ಮೂಗಿನ ತುದಿಗೆ ಬೆವರಿನ ವಾಸನೆ. ಕಣ್ಣಿನ ಗುಡ್ಡೆ ಮೇಲೆ ಏನೋ ತಣ್ಣಗೆ ಕೂತ್ಕೊಳ್ತು.

ಮೇಲೆ ಕೆಮ್ಮು ಅರ್ಧಕ್ಕೇ ನಿಂತ್ಹೋಯ್ತು.

"ಅಮ್ಮ, ಹಸಿವಾಗ್ತಿದೆ," ಅಂದ್ಳು ಪ್ರಿಯಾಂಕಾ. ಅವಳದೇ ದನಿ.

ಅದನ್ನ ಕೇಳಿ ಸಿದ್ದಾರೂಢನ ಕಣ್ಣು ತುಂಬಿ ಹರೀತು. ರೆಪ್ಪೆ ಮಾತ್ರ ಬಡೀಲಿಲ್ಲ.

ಇವತ್ತಿಗೂ ಬಡಿಯಲ್ಲ. ಕಣ್ಣಿನ ಡಾಕ್ಟ್ರುಗಳು ಬ್ಯಾಟರಿ ಬಿಟ್ಟು ನೋಡಿ, ಎಲ್ಲಾ ನಾರ್ಮಲ್ ಅಂತ ಬರೆದುಕೊಟ್ರು. ಉಮಾಶ್ರೀ ದಿನಾ ಹೊತ್ಹೊತ್ತಿಗೆ ಡ್ರಾಪ್ಸ್ ಹಾಕ್ತಾಳೆ. ಅವನು ಕಿಟಕಿ ಹತ್ರ ಕುರ್ಚೀಲಿ ಮೂರ್ದಾರಿ ನೋಡ್ತಾ ಕೂತಿರ್ತಾನೆ. ಅಮಾಸೆ ಆದ ಮಾರನೇ ದಿನದಿಂದ ಯಾರ್ಯಾರದೋ ಕೆಮ್ಮು ಕೆಮ್ಮುತಾನೆ, ಯಾರ್ಯಾರದೋ ಚಳಿಗೆ ನಡುಗ್ತಾನೆ. ಅಕ್ಕಪಕ್ಕದಲ್ಲಿ ಮಾತ್ರ ಕಾಯಿಲೆ ಅನ್ನೋದೇ ಕಮ್ಮಿಯಾಗಿದೆ. ಅರೆಕೆರೆ ಮೂರ್ದಾರೀಲಿ ಇಟ್ರೆ ಗ್ಯಾರಂಟಿ ಅಂತ ಹೆಸರಾಗಿದೆ. ಹುಳಿಮಾವಿಂದ ಬರ್ತಾರೆ, ಜೆ.ಪಿ. ನಗರದಿಂದ ಆಟೋ ಮಾಡ್ಕೊಂಡು ಬರ್ತಾರೆ. ಬಂದೋರು ಇಟ್ಟು, ನಿಯಮ ಬಿಡದೆ, ಹಿಂದೆ ತಿರುಗಿ ನೋಡದೆ ಹೋಗ್ತಾರೆ. ಹಾಗಾಗಿ ಕಿಟಕೀಲಿ ಕೂತಿರೋನ್ನ ಯಾರೂ ನೋಡಿಲ್ಲ. ಮುನಿಯಕ್ಕ ಬಾಡಿಗೆ ಕೇಳೋದು ಬಿಟ್ಟಿದಾರೆ.

ಹೋದ ಅಮಾಸೆಗೆ ಉಮಾಶ್ರೀ ಕೈಲಿ ನೋಡೋಕಾಗ್ಲಿಲ್ಲ. ಹೊತ್ತು ಮುಳುಗೋ ಟೈಮಿಗೆ ಕಿಟಕಿ ಮುಚ್ಚಿ, ಗಂಡನ ಕುರ್ಚಿನ ಗೋಡೆ ಕಡೆಗೆ ತಿರುಗಿಸಿದ್ಳು. ಒದ್ದೆ ಬಟ್ಟೆ ತಂದು ಅವನ ಕಣ್ಣಿನ ಮೇಲೆ ಹಾಸಿದ್ಳು. ಅವನ ಮೈ ಸಡಿಲ ಆಯ್ತು. ಎಷ್ಟು ತಿಂಗಳ ಮೇಲೆ ಅವನು ಉದ್ದಕ್ಕೆ ಉಸಿರು ಬಿಟ್ಟಿದ್ದು.

ಒಳಗಿನ ರೂಮಲ್ಲಿ ಪ್ರಿಯಾಂಕಾ ಹೋಮ್‌ವರ್ಕ್ ಮಾಡ್ತಿದ್ಳು. ಪೆನ್ಸಿಲ್ ಗೀಚೋ ಸದ್ದು ನಿಂತ್ಹೋಯ್ತು.

"ಕೊಂಚೆಂ ನೀಳ್ಳಿವ್ವಮ್ಮ," ಅಂತು ಒಂದು ಮುದಿ ಗಂಟಲು, ತೆಲುಗಲ್ಲಿ ನೀರು ಕೇಳ್ತಾ.

ಒಳಗೆ ಮಗು ಬಿಟ್ಟು ಇನ್ಯಾರೂ ಇರ್ಲಿಲ್ಲ. ಮಗೂಗೆ ತೆಲುಗು ಬರಲ್ಲ.

ಉಮಾಶ್ರೀ ಒದ್ದೆ ಬಟ್ಟೆ ತೆಗೆದ್ಳು. ಕಿಟಕಿ ತೆಗೆದ್ಳು. ಹೊರಗೆ ಕಣ್ಣು ಹಾಯಿಸದೆ, ಗಂಡನ ಮುಖಾನೂ ನೋಡದೆ, ಕುರ್ಚಿನ ಎರಡೂ ಕೈಯಲ್ಲಿ ಹಿಡಿದು ಮೂರ್ದಾರಿ ಕಡೆ ತಿರುಗಿಸಿ ನಿಲ್ಲಿಸಿದ್ಳು.

ಒಳಗೆ ಪೆನ್ಸಿಲ್ ಮತ್ತೆ ಗೀಚೋಕೆ ಶುರುವಾಯ್ತು.