ಏರಿ, ಕೋಡಿ, ತೂಬು

"ಮೇಸ್ತ್ರೀರು ಕೆರೆ ಏರಿಗೆ ಜೇಡಿಮಣ್ಣಿನ ಬದಲು ಮರಳು ತುಂಬಿಸವ್ರೆ ಸ್ವಾಮಿ."

ಮೂರು ವರ್ಷದ ಹಿಂದೆ ಅಮಲ್ದಾರರ ಮುಂದೆ ನೀರುಗಂಟಿ ಗಂಗುಲಪ್ಪ ಆಡಿದ ಈ ಒಂದು ಮಾತಿಗೆ ಕೋದಂಡರಾಮಪ್ಪನ ಓವರ್ಸಿಯರ್ ಹುದ್ದೆ ಕೈತಪ್ಪಿತ್ತು. ಮಾತು ನಿಜವಾಗಿತ್ತು, ಅದೇ ಇನ್ನಷ್ಟು ಉರಿ. ಹೆಬ್ಬೆಟ್ಟು ಒತ್ತುವವನಿಂದಾಗಿ ತಾನು ಮೇಸ್ತ್ರಿಯಾಗಿಯೇ ಮುದುಕನಾಗಬೇಕೆ? ಅವನ ನೀರುಗಂಟಿಕೆ, ಅದಕ್ಕೆಂದು ಬಂದ ಇನಾಮು ಗದ್ದೆ, ಎರಡೂ ಹೋಗಬೇಕು. ತನ್ನ ಕೈಗೆ ಮಾತ್ರ ಮಸಿ ಹತ್ತಬಾರದು.

ದಾರಿಯನ್ನು ಸರ್ಕಾರವೇ ಮಾಡಿಕೊಟ್ಟಿತ್ತು. ಶ್ರೀನಿವಾಸಪುರದ ಆಚೆಯ ಆ ಕೆರೆಯ ಏರಿ ರಿಪೇರಿ ಮಾಡಿಸುವ ಮರಾಮತ್ ಇಲಾಖೆಯದು, ಅಂದರೆ ಮೇಸ್ತ್ರಿ ಕೋದಂಡರಾಮಪ್ಪನದೇ. ಹೆಚ್ಚಿನ ನೀರು ಹರಿದುಹೋಗುವ ಕೋಡಿ ರೆವಿನ್ಯೂದವರದು, ನೋಡಿಕೊಳ್ಳುವವರು ಪಟೇಲ ದೊಡ್ಡವೆಂಕಟಪ್ಪ. ಗದ್ದೆಗೆ ನೀರು ಬಿಡುವ ತೂಬು ನೀರುಗಂಟಿಯದು. ಕೆರೆ ಒಡೆದರೆ ಮೊದಲ ಇಬ್ಬರೂ ಮೂರನೆಯವನತ್ತ ಬೆರಳು ತೋರಿಸುತ್ತಾರೆ. ಬಡವನಿಗೆ ತೋರಿಸಲು ನಾಲ್ಕನೆಯವನೇ ಇಲ್ಲ.

ಮೂವತ್ತೆಂಟನೇ ಇಸವಿಯ ಹಿಂಗಾರು ಜೋರಾಗಿಯೇ ಹಿಡಿಯಿತು. ಮಗಳ ಲಗ್ನದ ಮಾತಿಗೆ ಗಂಗುಲಪ್ಪ ಮುಳಬಾಗಿಲಿಗೆ ಹೊರಟಿದ್ದಾನೆಂದು ಕೋಲಾರದ ಬಸ್ಸಿಳಿದಾಗಲೇ ಕಿವಿಗೆ ಬಿತ್ತು. ತೂಬು ನೋಡುವವನೇ ಊರಲ್ಲಿಲ್ಲ, ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು ಅನ್ನಿಸಿತು. ಮನೆಗೆ ಬಂದರೆ ಹೆಂಡತಿ ಅಶ್ವತ್ಥಮ್ಮ, "ಬೆಳಿಗ್ಗೆ ಗಂಗುಲಪ್ಪ ಬಂದಿದ್ದ, ಅದೇನಂದ್ರೆ..." ಎಂದು ಶುರುಮಾಡಿದಳು.

"ಈ ಮನೇಲಿ ಅವನ ಹೆಸರು ಎತ್ತಬೇಡ ಅಂತ ಎಷ್ಟು ಸಲ ಹೇಳ್ಲಿ ಕಣೇ?"

ಅವಳು ಅಡುಗೆಮನೆಗೆ ಹೋದಳು. ಅವನು ಬಾಗಿಲ ಮೂಲೆಯಲ್ಲಿ ಕೈಗೆ ಸಿಕ್ಕ ಬಿದಿರು ಕೋಲು ಹಿಡಿದು ಮಳೆಯಲ್ಲೇ ಹೊರಟ. ಸಂಜೆ ಇನ್ನೂ ಕಪ್ಪಾಗಿರಲಿಲ್ಲ, ಆದರೂ ಆ ಮಳೆಗೆ ಒಂದು ನರಪಿಳ್ಳೆಯೂ ಹೊರಗಿರಲಿಲ್ಲ. ಕೋಲನ್ನು ಕೋಡಿಯ ಬಂಡೆಗಳ ನಡುವೆ ಅಡ್ಡ ಸಿಗಿಸಿ, ಅದರ ಬೆನ್ನಿಗೆ ಹುಲ್ಲು, ಮುಳ್ಳು, ಮಣ್ಣು ಒಟ್ಟಿದ. ನೀರು ಹೊರಗೆ ಹೋಗಲಾರದೆ ಏರತೊಡಗಿತು. ತನ್ನದೇ ಮರಳಿನ ಏರಿ ಎಲ್ಲಿ ಬಾಯಿಬಿಡುತ್ತದೆಂದು ಅವನಿಗಿಂತ ಬಲ್ಲವರಾರು? ಸರಿಯಾಗಿ ಗಂಗುಲಪ್ಪನ ಗದ್ದೆಯ ನೆತ್ತಿಯ ಮೇಲೆ.

ಬೆಳಗಿನ ಜಾವಕ್ಕೆ ಏರಿ ಒಡೆಯಿತು. ಊರೆಲ್ಲ ಒಡಕಿನ ಕಡೆ ಓಡಿದಾಗ ಅವನು ಕೋಡಿಗೆ ಹೋಗಿ ಹುಲ್ಲು, ಮಣ್ಣು ಕಿತ್ತೆಸೆದ. ಕೋಲು ಬಂಡೆಯ ಸಂದಿಯಲ್ಲಿ ಕಚ್ಚಿಕೊಂಡಿತ್ತು. ಕೋಲು ತಾನೇ, ನೀರು ತಂದದ್ದು ಅಂದುಕೊಳ್ಳುತ್ತಾರೆಂದು ಬಿಟ್ಟು ಬಂದ.

ಮೂರನೆಯ ದಿನ ಅಮಲ್ದಾರರು ಬಂದು ಏರಿಯ ಮೇಲೆಯೇ ವಿಚಾರಣೆ ಕೂಡಿಸಿದರು. ಏರಿ ಭದ್ರವಿತ್ತು, ಕೋಡಿ ತೆರೆದಿತ್ತು, ತೂಬು ತೆರೆದು ನೀರಿಳಿಸದ, ಅಂದು ತೂಬಿನ ಹೊಣೆ ಹೊತ್ತವನೇ ತಪ್ಪಿತಸ್ಥ ಎಂದು ಕೋದಂಡರಾಮಪ್ಪ ಮುದ್ದಾಗಿ ಬರೆದ ಮಹಜರಿಗೆ ಪಟೇಲರು ಖುಷಿಯಿಂದ ರುಜು ಹಾಕಿದರು. ಎರಡು ಇಲಾಖೆಗಳು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಗದ್ದೆಯಲ್ಲಿ ಮರಳು ಬಿಟ್ಟರೆ ಏನೂ ಉಳಿಯದ ಗಂಗುಲಪ್ಪ ಕೈ ಮುಗಿದು ನಿಂತ. "ನಾನು ಊರಾಗಿರ್ಲಿಲ್ಲ ಸ್ವಾಮಿ. ಊರು ಬಿಡೋವಾಗ ನೀರುಗಂಟಿ ಕೋಲು ಯಾರ ಮನೇಲಿ ಇಡ್ತೀವೋ ಆವತ್ತು ತೂಬು ಅವರ್ದು, ತಾತನ ಕಾಲದಿಂದ ಹಂಗೇ. ಕೆರೆ ವಿಷ್ಯ ಮೇಸ್ತ್ರೀರಿಗಿಂತ ಬಲ್ಲೋರು ಯಾರವ್ರೆ ಅಂತ ಪಟೇಲಪ್ಪನ ಮುಂದೇನೇ ಅಶ್ವತ್ಥಮ್ಮೋರ ಕೈಗೆ ಕೊಟ್ಟೋದೆ." ಪಟೇಲರು ಹೌದೆಂದು ತಲೆಯಾಡಿಸಿದರು. ಹಾಗಾದರೆ ಆ ಕೋಲು ತರಿಸಿರಿ ಎಂದರು ಅಮಲ್ದಾರರು. ಕೋದಂಡರಾಮಪ್ಪನ ಕಣ್ಣು ಬೇಡವೆಂದರೂ ಕೋಡಿಯತ್ತ ಹೊರಳಿತು. ಅವನ ಕಣ್ಣಿನ ಜಾಡು ಹಿಡಿದು ಎಲ್ಲರೂ ಅತ್ತ ತಿರುಗಿದರು.